ನಾನು ನಾಲ್ಕು ಪುಸ್ತಕ ಓದಿದ ತಿಂಗಳು

ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ‘ತಿಂಗಳ ಓದು’ ಎಂಬ ಕಾರ್ಯಕ್ರಮ ಶುರುವಾದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಾನು. ಒಬ್ಬ ಸದಸ್ಯ ಒಂದು ತಿಂಗಳಲ್ಲಿ ತಾನು ಓದಿದ್ದರ ಬಗ್ಗೆ ಅರ್ಧ ಗಂಟೆ ಮಾತಾಡಬೇಕು, ಅಷ್ಟೇ. ಎಷ್ಟು ಪುಸ್ತಕ ಓದುತ್ತೀರಿ ಎಂದು ಅಧ್ಯಕ್ಷರು ಕೇಳಿದರು. ಒಂದು ಎಂದಿದ್ದರೆ ಮಾನ ಉಳಿಯುತ್ತಿತ್ತು. ನಾಲ್ಕು ಎಂದೆ.

ಪಕ್ಕದಲ್ಲಿದ್ದ ನನ್ನ ಹೆಂಡತಿ ವಸಂತಿ ಅಂಗಿಯ ತೋಳು ಜಗ್ಗಿದಳು. ಮನೆಗೆ ಬರುವ ದಾರಿಯಲ್ಲಿ ರಿಕ್ಷಾದಲ್ಲಿ ಹೇಳಿದಳು: “ನೀವು ಕಡೆಗೆ ಪೂರ್ತಿ ಓದಿದ್ದು ನಮ್ಮ ಮದುವೆಯ ಕಾಗದ, ಮಾರಾಯ್ರೆ. ಅದರಲ್ಲೂ ಮುಹೂರ್ತ ತಪ್ಪು ಓದಿ ಅರ್ಧ ಗಂಟೆ ತಡ ಬಂದಿದ್ರಿ.”

ಇಂಥ ಮಾತಿಗೆಲ್ಲ ಕುಗ್ಗುವವನು ನಾನಲ್ಲ. ಆದರೆ ಮನೆಯಲ್ಲಿ ಕನ್ನಡ ಪುಸ್ತಕವೆಂದರೆ ಪಂಚಾಂಗ ಮಾತ್ರ. ಆದ್ದರಿಂದ ಮರುದಿನ ನಮ್ಮ ಬಿಲ್ಡಿಂಗಿನ ಕೆಳಮಹಡಿಯ ಗಿರಿಜಕ್ಕನ ಮನೆಗೆ ಹೋದೆ. ಗಿರಿಜಕ್ಕನ ಗಂಡ ವಾಸುದೇವ ಭಟ್ಟರು ಥಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದವರು, ಓದುವ ಹುಚ್ಚಿನವರು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು, ಕಪಾಟು ತುಂಬ ಪುಸ್ತಕ ಹಾಗೇ ಇತ್ತು. ಗಿರಿಜಕ್ಕ ಕೈಗೆ ಸಿಕ್ಕಿದ ಮೂರು ತೆಗೆದುಕೊಟ್ಟರು: ಒಂದು ಕಾದಂಬರಿ, ಒಂದು ಪ್ರವಾಸಕಥನ, ಒಂದು ಪ್ರಬಂಧ ಸಂಕಲನ. ಸ್ವಲ್ಪ ಹೊತ್ತು ನಿಂತು ಯೋಚಿಸಿ, ಒಳಗಿನಿಂದ ಖಾಕಿ ಕಾಗದದ ಹೊದಿಕೆ ಹಾಕಿ ದಾರ ಸುತ್ತಿದ್ದ ಇನ್ನೊಂದನ್ನು ತಂದರು.

“ಇದನ್ನೂ ಓದಿ. ಇದರ ಬಗ್ಗೆ ಎರಡು ಮಾತು ಜಾಸ್ತಿ ಹೇಳಿ, ಆಯ್ತಾ? ನಾನು ಕೇಳಲಿಕ್ಕೆ ಬರ್ತೇನೆ.”

ಖಂಡಿತ ಎಂದೆ. ಕೊಡುವುದಕ್ಕೆ ಮಾತು ನನ್ನಲ್ಲಿ ಯಾವತ್ತೂ ಧಾರಾಳ.

ಓದುವ ಯೋಜನೆ ಸರಳವಾಗಿತ್ತು. ದಿನಾ ಡೊಂಬಿವಲಿಯಿಂದ ಥಾಣೆ, ಅಲ್ಲಿ ಗಾಡಿ ಬದಲಿಸಿ ನವಿ ಮುಂಬಯಿಯ ಆಫೀಸು. ಹೋಗಿಬರುವ ಎರಡೂವರೆ ಗಂಟೆ ಓದಿಗೆ ಮೀಸಲು. ಬೆಳಗಿನ ಆ ಲೋಕಲ್ ರೈಲಿನಲ್ಲಿ ಉಸಿರಾಡಲಿಕ್ಕೇ ಜಾಗ ಕೇಳಬೇಕೆಂಬುದನ್ನು, ಇಪ್ಪತ್ತೆರಡು ವರ್ಷ ಅದರಲ್ಲೇ ಓಡಾಡಿದವನು, ಹೇಗೆ ಮರೆತೆನೋ. ಮೊದಲ ದಿನ ಕಾದಂಬರಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಓದಲು ನೋಡಿದೆ. ಮೂರನೇ ಸಾಲಿನಲ್ಲಿ ಗಾಡಿ ಕುಲುಕಿತು, ಪುಸ್ತಕ ಒಬ್ಬ ಗೃಹಸ್ಥರ ಬೋಳುತಲೆಯ ಮೇಲೆ ಬಿತ್ತು. ಅವರು ಬೈಯಲಿಲ್ಲ. ಪುಸ್ತಕವನ್ನು ನನ್ನ ಕೈಗಿತ್ತು, “ಭಾವೂ, ಘರೀ ವಾಚಾ” ಎಂದರು. ಮನೆಯಲ್ಲಿ ಓದಿಕೊಳ್ಳಿ ಎಂಬ ಈ ಉಪದೇಶ ಸರಿಯಾದದ್ದೇ ಆಗಿತ್ತು.

ಸಂಜೆ ಬರುವಾಗ ಕೂರಲು ಜಾಗ ಸಿಕ್ಕಿತು. ಕೂತೆ, ಪುಸ್ತಕ ತೆರೆದೆ. ಮತ್ತೆ ಕಣ್ಣು ಬಿಟ್ಟಾಗ ಡೊಂಬಿವಲಿ ಹೋಗಿತ್ತು, ಕಲ್ಯಾಣವೂ ಹೋಗಿತ್ತು, ಎದುರಿಗೆ ವಿಠ್ಠಲವಾಡಿಯ ಬೋರ್ಡು ಕಾಣುತ್ತಿತ್ತು. ಆ ವಾರ ಮೂರು ಸಲ ವಿಠ್ಠಲವಾಡಿ ನೋಡಿದೆ. ಕಾದಂಬರಿಯಲ್ಲಿ ಹನ್ನೊಂದನೇ ಪುಟ ದಾಟಲಿಲ್ಲ.

ಎರಡನೇ ವಾರ ಆಫೀಸಿನಲ್ಲಿ ಕೆಲಸ ಜಾಸ್ತಿ. ಮೂರನೇ ವಾರ ಕಾಮೋಠೆಯ ಭಾವನ ಮನೆಯಲ್ಲಿ ಗೃಹಪ್ರವೇಶ. ಕಡೆಯ ವಾರ ನಾನು ಮೂರು ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಕೂತಿದ್ದ ಭಂಗಿ ನೋಡಿ ಮಗಳು ಶ್ರೇಯಾಗೆ ಕನಿಕರ ಬಂತು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ.

“ಪಪ್ಪಾ, ಪೂರಾ ಪಢ್‌ನೇ ಕಿ ಕ್ಯಾ ಜರೂರತ್ ಹೈ? ಮೈಂ ಸಮರಿ ನಿಕಾಲ್ ದೇತೀ ಹೂಂ.”

ಪೂರ್ತಿ ಓದುವುದೇಕೆ, ಸಾರ ತೆಗೆದುಕೊಡುತ್ತೇನೆ ಎಂದು ಅವಳು ಒಂದಷ್ಟು ಪುಟಗಳ ಫೋಟೋ ಹೊಡೆದು ಮೊಬೈಲಿಗೆ ತಿನ್ನಿಸಿದಳು. ಅದು ಮೂರೂ ಪುಸ್ತಕಗಳ ಸಾರವನ್ನು ಮೂರು ನಿಮಿಷದಲ್ಲಿ ಕಕ್ಕಿತು. ನಾನು ಒಂದು ಚೀಟಿಯಲ್ಲಿ ಬರೆದುಕೊಂಡೆ. ನಾಲ್ಕನೆಯದರ ದಾರ ಬಿಚ್ಚಲು ಹೋದರೆ ಗಂಟು ಬಿಗಿಯಾಗಿತ್ತು, ಶ್ರೇಯಾಗೆ ಕ್ಲಾಸಿಗೆ ಹೊತ್ತಾಗಿತ್ತು. ಹೊದಿಕೆಯ ಮೇಲೆ ಹೆಸರು ಬರೆದಿತ್ತು. ದಾರ ಅಡ್ಡ ಬಂದದ್ದರಿಂದ ‘ಕಾವಲಿ’ ಎಂಬಷ್ಟು, ಕೊನೆಯಲ್ಲಿ ‘ಮೂವತ್ತು ವರ್ಷ’ ಎಂಬಷ್ಟು ಕಾಣುತ್ತಿತ್ತು, ಕೆಳಗಿನ ಸಾಲು ದಾರದಡಿ ಪೂರ್ತಿ ಮುಚ್ಚಿತ್ತು. ಕಾವಲಿನಲ್ಲಿ ಮೂವತ್ತು ವರ್ಷ! ಗಡಿ ಕಾಯ್ದ ಸೈನಿಕನ ಆತ್ಮಕಥೆ ಎಂದು ಗೊತ್ತಾಗಲು ದಾರ ಬಿಚ್ಚಬೇಕೆ?

ಆ ಭಾನುವಾರ ಸಂಘದ ಸಭಾಂಗಣ ತುಂಬಿತ್ತು. ಗಿರಿಜಕ್ಕ ಮಗನ ಕೈ ಹಿಡಿದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಯಾವಾಗಲೂ ಪೆಟ್ಟಿಗೆಯಲ್ಲಿರುವ ಹಸಿರು ಸೀರೆ ಉಟ್ಟಿದ್ದರು. ನಾಲ್ಕೂ ಪುಸ್ತಕಗಳನ್ನು ಮೇಜಿನ ಮೇಲೆ ಪ್ರದರ್ಶನಕ್ಕಿಟ್ಟು ನಾನು ಮಾತು ಶುರುಮಾಡಿದೆ. ಮೊದಲ ಮೂರು ಚೀಟಿಯ ಪುಣ್ಯದಿಂದ ದಾಟಿದವು. ನಾಲ್ಕನೆಯದಕ್ಕೆ ಚೀಟಿಯಿರಲಿಲ್ಲ, ಹಾಗಾಗಿ ಧ್ವನಿ ಏರಿಸಿದೆ. ಮೂಳೆ ಕೊರೆಯುವ ಹಿಮ, ಆಚೆ ಶತ್ರು, ಈಚೆ ಒಬ್ಬಂಟಿ ಯೋಧ. ಮೂವತ್ತು ವರ್ಷ ಕಣ್ಣು ಮುಚ್ಚದೆ ಕಾವಲು ನಿಂತ ಆ ವೀರ ಹೆಂಡತಿ ಮಕ್ಕಳ ಮುಖವನ್ನೇ ಮರೆತಿದ್ದನೆಂದೂ, ಆ ಭಾಗ ಓದುವಾಗ ಲೋಕಲ್ಲಿನಲ್ಲಿ ನನ್ನ ಕಣ್ಣು ತೇವವಾಯಿತೆಂದೂ ಹೇಳಿದೆ. ಜೋರಾಗಿ ಚಪ್ಪಾಳೆ ಬಿತ್ತು.

ಅಧ್ಯಕ್ಷರಿಗೆ ಆ ಪುಸ್ತಕವನ್ನು ಸಭೆಗೆ ತೋರಿಸುವ ಉತ್ಸಾಹ ಬಂತು. ಗಂಟು ಬಿಚ್ಚಲು ಅವರು ಪಟ್ಟ ಪಾಡು ನೋಡಿಯೇ, ಈ ತಿಂಗಳು ಅದನ್ನು ಯಾರೂ ಬಿಚ್ಚಿಲ್ಲವೆಂದು ಎಲ್ಲರಿಗೂ ತಿಳಿಯಿತು. ಕೊನೆಗೆ ದಾರ ಕಿತ್ತು, ಹೊದಿಕೆಯ ಮೇಲಿದ್ದುದನ್ನು ಮೈಕಿನಲ್ಲೇ ಓದಿದರು.

“ಕಾವಲಿಯ ಮುಂದೆ ಮೂವತ್ತು ವರ್ಷ. ಬರೆದವರು, ವಾಸುದೇವ ಭಟ್.”

ಒಳಗೆ ಅಚ್ಚಾದ ಪುಟಗಳಿರಲಿಲ್ಲ. ಇನ್ನೂರು ಪುಟದ ನೋಟುಬುಕ್ಕು, ಸಣ್ಣ ಕೈಬರಹ. ಕಾವಲಿ ಎಂದರೆ ದೋಸೆಯ ಕಾವಲಿ! ಉಡುಪಿಯ ಕಡೆ ಹುಟ್ಟಿ, ಭಟ್ಟರ ಕಾವಲಿಯಿಂದ ಎದ್ದ ದೋಸೆಯನ್ನು ವಾರಕ್ಕೊಮ್ಮೆ ತಿಂದ ನನಗೆ ಅದು ಹೊಳೆಯಲಿಲ್ಲ. ಆ ಸಭೆಯಲ್ಲಿ ಅವರ ದೋಸೆ ತಿನ್ನದವರು ಯಾರೂ ಇರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ. ಗಿರಿಜಕ್ಕ ಮಾತ್ರ ನಗಲಿಲ್ಲ.

ಚಹಾದ ಹೊತ್ತಿಗೆ ನೋಟುಬುಕ್ಕು ಹಿಡಿದುಕೊಂಡು ಅವರ ಬಳಿ ಹೋದೆ. ಕ್ಷಮೆ ಕೇಳುವ ಮಾತು ಬಾಯಿಗೆ ಬರುವ ಮೊದಲೇ ಅವರು ಕೇಳಿದರು:

“ಹಾಗಾದರೆ ಕಡೆಯ ಪುಟಗಳನ್ನೂ ನೋಡಲಿಲ್ಲ, ಅಲ್ವಾ?”

ಇಲ್ಲ ಎಂದೆ. ಇಡೀ ತಿಂಗಳಲ್ಲಿ ನಾನು ಆಡಿದ ಒಂದೇ ನಿಜ.

“‘ಅದರಲ್ಲಿ ನಿನ್ನ ಬಗ್ಗೆ ಬರೆದಿದ್ದೇನೆ, ನಾನು ಹೋದ ಮೇಲೆ ಓದು’ ಅಂದಿದ್ರು ಇವರು. ಅವರು ಹೋಗುವ ಹೊತ್ತಿಗೆ ನನ್ನ ಕಣ್ಣೂ ಹೋಯ್ತು. ಮನುಷ್ಯರು ಕಾಣ್ತಾರೆ, ಅಕ್ಷರ ಕಾಣುವುದಿಲ್ಲ. ಮಗನಿಗೆ ಕನ್ನಡ ಓದಲಿಕ್ಕೆ ಬರುವುದಿಲ್ಲ. ಯಾರ ಹತ್ತಿರವಾದ್ರೂ ಓದಿಸಿಕೊಳ್ಳಲಿಕ್ಕೆ ನಾಚಿಕೆ ಆಯ್ತು. ನೀವು ಭಾಷಣದಲ್ಲಿ ಹೇಳಿದರೆ ನಾಲ್ಕು ಜನರ ಮಧ್ಯೆ ಕೂತು ಕೇಳಬಹುದಲ್ಲ ಅಂತ ಇದ್ದೆ.”

ಹೆಂಡತಿ ಮಕ್ಕಳ ಮುಖವನ್ನೇ ಮರೆತ ವೀರ ಎಂದು ನಾನು ಅವರೆದುರಿಗೇ ಕೂಗಿ ಹೇಳಿದ್ದೆ. ಅದನ್ನು ಅವರು ಗಂಡನ ಮಾತೆಂದು ಒಂದು ಕ್ಷಣವಾದರೂ ನಂಬಿರಬಹುದೇ ಎಂದು ನೆನೆದರೆ ಈಗಲೂ ಮೈ ಬೆವರುತ್ತದೆ. ನಾಳೆಯಿಂದ ದಿನಾ ಬಂದು ನಾನೇ ಓದಿ ಹೇಳುತ್ತೇನೆ ಎಂದೆ. ಗಿರಿಜಕ್ಕ ನೋಟುಬುಕ್ಕನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು.

“ಬೇಡ. ನಿಮಗೆ ಪುರುಸೊತ್ತು ಎಲ್ಲಿ ಉಂಟು?”

ಕೋಪವಿಲ್ಲದೆ ಹೇಳಿದರು. ಕೋಪದಿಂದ ಹೇಳಿದ್ದರೆ ವಾದಿಸಬಹುದಿತ್ತು.

ಮರುದಿನ ಮಧ್ಯಾಹ್ನ ವಸಂತಿ ತಾನೇ ಕೆಳಗೆ ಹೋದಳು. ಯಾವ ಸಭೆಯಲ್ಲೂ ಕೈ ಎತ್ತದ ನನ್ನ ಹೆಂಡತಿ ದಿನಕ್ಕೆ ಹತ್ತು ಪುಟದಂತೆ ಇಪ್ಪತ್ತು ದಿನ ಗಿರಿಜಕ್ಕನಿಗೆ ಓದಿ ಹೇಳಿದಳು. ಊಟದ ಹೊತ್ತಿಗೆ ನನಗೂ ಅಷ್ಟಷ್ಟು ಸಿಗುತ್ತಿತ್ತು. ಊರಿನಿಂದ ಬಂದ ಭಟ್ಟರು ಮೊದಲ ದಿನ ಹೊಯ್ದ ದೋಸೆ ಕಾವಲಿ ಬಿಟ್ಟು ಏಳದೆ ಮಾಲಕರಿಂದ ಬೈಸಿಕೊಂಡದ್ದು, ಗಿರಾಕಿಗಳಿಲ್ಲದ ಮಳೆಗಾಲದ ಮಧ್ಯಾಹ್ನ ಕಾವಲಿಯ ಪಕ್ಕದಲ್ಲೇ ಕೂತು ಕಾದಂಬರಿ ಓದುತ್ತ ದೋಸೆ ಕರಟಿಸಿದ್ದು. ಒಳ್ಳೆಯ ಪುಸ್ತಕ. ಓದಿದ್ದರೆ ಅರ್ಧ ಗಂಟೆಯಲ್ಲ, ಎರಡು ಗಂಟೆ ಮಾತಾಡಬಹುದಿತ್ತು.

ಇಪ್ಪತ್ತನೇ ದಿನ ವಸಂತಿ ಕಣ್ಣು ಕೆಂಪಗೆ ಮಾಡಿಕೊಂಡು ಮೇಲೆ ಬಂದಳು. ಊಟ ಬಡಿಸಿದಳು. ಕಡೆಯ ಪುಟಗಳಲ್ಲಿ ಏನಿತ್ತು ಎಂದು ನಾನೇ ಕೇಳಿದೆ.

“ಅದು ಅಕ್ಕನಿಗೆ ಬರೆದದ್ದು. ನಿಮಗಲ್ಲ” ಎಂದು ಸಾರಿನ ಪಾತ್ರೆ ನನ್ನ ಕಡೆ ಸರಿಸಿದಳು.

ಒಂದು ತಿಂಗಳು ಆ ನೋಟುಬುಕ್ಕು ನನ್ನ ದಿಂಬಿನ ಪಕ್ಕದಲ್ಲೇ ಇತ್ತು. ಕೈ ಚಾಚಿದ್ದರೆ ಸಾಕಿತ್ತು. ಸಂಘದ ವರದಿಯಲ್ಲಿ ಮಾತ್ರ ನನ್ನ ಹೆಸರಿನ ಮುಂದೆ ‘ನಾಲ್ಕು ಪುಸ್ತಕಗಳ ಆಳವಾದ ಅಧ್ಯಯನ’ ಎಂದು ಬರೆದಿದ್ದಾರಂತೆ. ಆ ವರದಿಯನ್ನೂ ನಾನು ಓದಿಲ್ಲ, ಯಾರೋ ಹೇಳಿದರು.