ಗುರುವಾರ ಹೊರಟ ಚೀಲ, ಮಂಗಳವಾರ ಹೊರಟ ಹುಡುಗಿ

ಪ್ರಯಾಣ ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆ. ಹೊಸಿಲು ದಾಟಿದವನೇ ಲೋಕ ಕಂಡವನು, ಲೋಕ ಕಂಡವನೇ ತನ್ನನ್ನು ತಾನು ಕಂಡವನು ಎಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳುವ ಹಿರಿಯರಲ್ಲಿ ನಾನೂ ಒಬ್ಬ. ತಿರುಪತಿಯಿಂದ ಆಚೆಗೆ ಕಾಲಿಟ್ಟವನಲ್ಲ. ತಿರುಪತಿಯಲ್ಲೂ ನಾನು ಕಂಡದ್ದು ಲೋಕವನ್ನಲ್ಲ, ನನ್ನ ಮುಂದೆ ನಿಂತಿದ್ದವರ ಬೆನ್ನನ್ನು. ಆದರೂ ಶ್ರೀರಂಗಪಟ್ಟಣದ ಪ್ರೌಢಶಾಲೆಯೊಂದರಲ್ಲಿ ಬಹಳ ವರ್ಷಗಳಿಂದ ಭೂಗೋಳ ಪಾಠ ಮಾಡುತ್ತಿದ್ದವನಾದ್ದರಿಂದ ಜಗತ್ತಿನ ವಿಚಾರ ಬಂದಾಗ ನೆಂಟರಿಷ್ಟರಲ್ಲಿ ನನ್ನ ಮಾತಿಗೆ ಒಂದು ತೂಕವಿತ್ತು.

ಅದಕ್ಕಿಂತ ಹೆಚ್ಚಿನ ತೂಕ ನನಗೆ ಬಂದದ್ದು ಮದುವೆ ದಿಬ್ಬಣಗಳಿಂದ. ನಮ್ಮ ಕಡೆಯ ಯಾವ ಮನೆಯಿಂದ ದಿಬ್ಬಣ ಹೊರಡಲಿ, ಬಸ್ಸು ಗೊತ್ತು ಮಾಡುವುದು, ಮುದುಕರನ್ನು ಮುಂದಿನ ಸೀಟಿಗೂ ವಾಂತಿ ಮಾಡುವವರನ್ನು ಕಿಟಕಿಯ ಪಕ್ಕಕ್ಕೂ ಹಂಚುವುದು, ಹೆಣ್ಣಿನ ಕಡೆಯವರು ಕೊಟ್ಟ ಬಿಡದಿಯಲ್ಲಿ ಗೊರಕೆಯವರನ್ನು ಒಂದು ಕೋಣೆಗೂ ಇಸ್ಪೀಟಿನವರನ್ನು ಇನ್ನೊಂದು ಕೋಣೆಗೂ ಹಾಕುವುದು, ಇವೆಲ್ಲ ನನ್ನ ಇಲಾಖೆ. ಒಮ್ಮೆ ನಾಗಮಂಗಲದಲ್ಲಿ ಒಂದೇ ದಿನ ಒಂದೇ ಬೀದಿಯಲ್ಲಿ ಎರಡು ಛತ್ರಗಳಲ್ಲಿ ಮದುವೆಯಿದ್ದಾಗ ಎರಡನೆಯ ಛತ್ರದ ಗಂಡು ನಮ್ಮ ಛತ್ರದಲ್ಲಿ ಕುಳಿತು ಉಪ್ಪಿಟ್ಟು ತಿಂದಿದ್ದುಂಟು. ನನ್ನ ಗಂಡು ಮಾತ್ರ ಸರಿಯಾದ ಛತ್ರದಲ್ಲೇ ಇದ್ದ. ಈ ಕೀರ್ತಿಯ ನೆತ್ತಿಯಲ್ಲಿ ನಾನು ಕುಳಿತಿದ್ದಾಗ, ತೊಂಬತ್ತರ ದಶಕದ ನಡುವೆ, ಕ್ಯಾತನಹಳ್ಳಿಯ ನನ್ನ ತಂಗಿಯ ಮನೆಯಿಂದ ಕರೆ ಬಂತು. ತಂಗಿಯ ಮಗಳು ಶೈಲಜ ಹಾಲೆಂಡಿಗೆ ಹೊರಟಿದ್ದಾಳೆ, ಮೇಷ್ಟ್ರು ಬಂದು ಏರ್ಪಾಟು ಮಾಡಬೇಕು.

ಶೈಲಜ ಬೆಂಗಳೂರಿನಲ್ಲಿ ದನದ ಡಾಕ್ಟರಿಕೆ ಓದುತ್ತಿದ್ದ ಹುಡುಗಿ. ಹಾಲಿನ ದನ ಸಾಕುವ ಬಗೆಯನ್ನು ಹಾಲೆಂಡಿನ ರೈತರ ಮನೆಯಲ್ಲೇ ಇದ್ದು ಕಲಿತು ಬರಲಿ ಎಂದು ಆರಿಸಿದ ನಾಲ್ಕಾರು ಜನರಲ್ಲಿ ನಮ್ಮವಳ ಹೆಸರೂ ಇತ್ತು. ಮೂರು ತಿಂಗಳು. ಖರ್ಚೆಲ್ಲ ಕರೆದವರದೇ. ನಮ್ಮ ವಂಶದಲ್ಲಿ ವಿಮಾನವನ್ನು ಕತ್ತೆತ್ತಿ ನೋಡಿದವರಿದ್ದರೇ ಹೊರತು ಒಳಗಿನಿಂದ ಕೆಳಗೆ ನೋಡಿದವರಿರಲಿಲ್ಲ. ಸುದ್ದಿ ಕೇಳಿದ ದಿನ ನಾನು ಗಂಜಾಂನ ನಮ್ಮ ಮನೆಯಿಂದ ನಿಮಿಷಾಂಬ ಗುಡಿಯವರೆಗೆ ನಡೆದುಹೋದೆ. ದೇವಿಗೆ ಕೈಮುಗಿಯಲು ಎಂದು ಮನೆಯಲ್ಲಿ ಹೇಳಿದ್ದು. ನಿಜವಾಗಿ ಹೋದದ್ದು ದಾರಿಯಲ್ಲಿ ಸಿಕ್ಕವರಿಗೆಲ್ಲ ಸುದ್ದಿ ಹೇಳುವುದಕ್ಕೆ. ಸಾಕಷ್ಟು ಜನ ಸಿಗಲಿಲ್ಲವೆಂದು ವಾಪಸು ಬರುವಾಗ ಬಳಸುದಾರಿ ಹಿಡಿದೆ.

ಆದರೆ ಕ್ಯಾತನಹಳ್ಳಿಯಲ್ಲಿ ವಿಷಯ ಅಷ್ಟು ಸಲೀಸಾಗಿರಲಿಲ್ಲ. ಭಾವ ಬೋರೇಗೌಡರು ಮಗಳ ಮಾತಿಗೆ ಎದುರಾಡುವವರಲ್ಲ; ಅವರ ತಾಯಿ ನಿಂಗಮ್ಮನವರ ಮಾತಿಗೂ ಎದುರಾಡುವವರಲ್ಲ. ಈ ಎರಡು ಗುಣಗಳು ಒಂದೇ ದಿನ ಎದುರುಬದುರಾಗಿ ಭಾವ ಕಬ್ಬಿನ ಗದ್ದೆಗೆ ಹೊರಟುಹೋಗಿದ್ದರು. ಅಜ್ಜಿಯ ತಕರಾರು ಹಾಲೆಂಡಿನ ಮೇಲಲ್ಲ, ವಿಮಾನದ ಮೇಲೂ ಅಲ್ಲ. ಇಳಿದುಕೊಳ್ಳುವ ಮನೆಯ ಮೇಲೆ. ನಮ್ಮ ಕಡೆ ಪರಊರಿಗೆ ಹೋದರೆ ನೆಂಟರ ಮನೆ, ನೆಂಟರಿಲ್ಲದಿದ್ದರೆ ನೆಂಟರ ನೆಂಟರ ಮನೆ. "ಯಾರ ಮನೆಗೆ ಇಳಿಯೋದಪ್ಪ ನಮ್ಮ ಮೊಗ? ಆ ಮನೆಯೋರು ಯಾರು, ಎತ್ತ ಅಂತ ತಿಳ್ಕಳ್ದೆ ಹೆಣ್ಣ ಕಳ್ಸೀಯಾ ಮೇಷ್ಟ್ರೆ? ಗುರ್ತಿನ ಮನೆ ಇದ್ರೆ ಓಗ್ಲಿ, ಇಲ್ದಿದ್ರೆ ಬ್ಯಾಡ" ಎಂದರು. ಅವರ 'ಬ್ಯಾಡ'ಕ್ಕೆ ಮೇಲ್ಮನವಿಯಿಲ್ಲ.

ಹೀಗಾಗಿ ಹಾಲೆಂಡಿನಲ್ಲಿ ಒಬ್ಬ ನೆಂಟನನ್ನು ಹುಡುಕುವ ಹೊಣೆ ನನ್ನ ಮೇಲೆ ಬಿತ್ತು. ನಾಲ್ಕು ತಾಲ್ಲೂಕು ಜಾಲಾಡಿದೆ. ಕೊನೆಗೆ ಪಾಲಹಳ್ಳಿಯಲ್ಲಿ ಒಬ್ಬರು ಸಿಕ್ಕರು. ಅವರ ಅಳಿಯ ಮಸ್ಕತ್ತಿನಲ್ಲಿದ್ದ. ಶಾಲೆಗೆ ಬಂದು ಗೋಳದ ಮೇಲೆ ಅಳೆದೆ. ಮಸ್ಕತ್ತಿನಿಂದ ಹಾಲೆಂಡಿಗೆ ಒಂದು ಗೇಣಿಗೂ ಕಡಿಮೆ. ಏನಾದರೂ ತೊಂದರೆಯಾದರೆ ಹುಡುಗಿ ಅಲ್ಲಿಗೆ ಹೋಗಿಬಿಡಬಹುದು ಎಂದು ನಾನು ಹೇಳಿದಾಗ ಶೈಲಜ ಬಹಳ ಗೌರವದಿಂದ, "ಆಗಲಿ ಮಾವ, ಮರೆಯಲ್ಲ" ಎಂದಳು. ಅಜ್ಜಿ ಮಾತ್ರ ಒಪ್ಪಲಿಲ್ಲ. ಗೇಣು ದೂರವಾದರೂ ಅದು ಬೇರೆ ಊರೇ ತಾನೇ ಎಂಬುದು ಅವರ ವಾದ. ಭೂಗೋಳ ಓದದವರು ಹೀಗೆ ಕೆಲವೊಮ್ಮೆ ಸರಿಯಾದ ಮಾತಾಡಿಬಿಡುತ್ತಾರೆ.

ಕೊನೆಗೆ ಹುಡುಗಿಯೇ ಒಂದು ಫೋಟೋ ತಂದು ಅಜ್ಜಿಯ ಕೈಗೆ ಕೊಟ್ಟಳು. ಅವಳು ಇರಬೇಕಾದ ಮನೆಯವರು ಕಳಿಸಿದ್ದು. ಗಂಡ, ಹೆಂಡತಿ, ಒಬ್ಬ ಮುದುಕಿ, ಅವರ ನಡುವೆ ಒಂದು ಕಪ್ಪು ಬಿಳುಪಿನ ಹಸು. ನಾನು ಮುದುಕಿಯನ್ನು ತೋರಿಸಿ, ನೋಡಿ, ಮನೆಯಲ್ಲಿ ಹಿರಿಯರಿದ್ದಾರೆ ಎಂದೆ. ಅಜ್ಜಿ ಮುದುಕಿಯನ್ನು ನೋಡಲೇ ಇಲ್ಲ. ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ಹಸುವನ್ನು ಕೊಂಬಿನಿಂದ ಗೊರಸಿನವರೆಗೆ, ಗೊರಸಿನಿಂದ ಕೆಚ್ಚಲಿನವರೆಗೆ ನೋಡಿದರು. ಸಂತೆಯಲ್ಲಿ ದನ ಕೊಳ್ಳುವಾಗಲೂ ಇಷ್ಟು ಹೊತ್ತು ನೋಡುತ್ತಿರಲಿಲ್ಲವೆಂದು ತಂಗಿ ಆಮೇಲೆ ಹೇಳಿದಳು. "ಕೆಚ್ಚಲ ತೊಳ್ದು ಎಂಗ್ ಮಡಗವ್ರೆ ನೋಡು. ಬಾಲದಲ್ಲಿ ಒಂದು ಸಗಣಿ ಉಂಡೆ ಇಲ್ಲ. ಹಸಾನ ಇಂಗೆ ನೋಡ್ಕಳೋರು ಹೆಣ್ಮಗಳ ಕೆಟ್ಟದಾಗಿ ನೋಡ್ಕಳಕ್ಕಿಲ್ಲ ಬುಡು. ಓಗ್ಬುಟ್ಟು ಬರ್ಲಿ" ಎಂದರು. ವಸತಿಯ ಪ್ರಶ್ನೆ ಹೀಗೆ ಹಸುವಿನ ಜಾಮೀನಿನ ಮೇಲೆ ಇತ್ಯರ್ಥವಾಯಿತು. ನನ್ನ ಪಾಲಹಳ್ಳಿ ಓಡಾಟದ ಪ್ರಸ್ತಾಪವನ್ನು ಯಾರೂ ಎತ್ತಲಿಲ್ಲ.

ಉಳಿದದ್ದು ಪ್ರಯಾಣ. ಬೆಂಗಳೂರಿನಿಂದ ಸಂಜೆ ಬೊಂಬಾಯಿಗೆ, ಅಲ್ಲಿಂದ ರಾತ್ರಿ ಹಾಲೆಂಡಿಗೆ. ಎಲ್ಲ ಚೆನ್ನಾಗಿತ್ತು, ದಿನ ಮಾತ್ರ ಮಂಗಳವಾರ. ಮಂಗಳವಾರ ಮನೆಯ ಹೆಣ್ಣುಮಗಳನ್ನು ಹೊಸಿಲಾಚೆ ಕಳಿಸುವುದು ಆ ಮನೆಯಲ್ಲಿ ಎಂದೂ ನಡೆದದ್ದಲ್ಲ. ವಿಮಾನದವರು ಬುಧವಾರಕ್ಕೆ ಒಪ್ಪುವಂತೆ ಕಾಣಲಿಲ್ಲ. ಮತ್ತೆ ಅಜ್ಜಿಯ ಮುಖ ಗಂಟಾಯಿತು, ಮತ್ತೆ ಭಾವ ಗದ್ದೆಯ ಕಡೆ ನೋಡತೊಡಗಿದರು. ಆಗ ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: ಪರಸ್ಥಾನ ಇಡೋಣ.

ಈಗಿನವರಿಗೆ ಪರಸ್ಥಾನವೆಂದರೆ ಗೊತ್ತಿರಲಿಕ್ಕಿಲ್ಲ. ಹೊರಡಬೇಕಾದ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚೆ ಒಳ್ಳೆಯ ದಿನ ನೋಡಿ, ಹೊರಡುವವರ ಒಂದು ಗಂಟನ್ನು ಅವರು ಹೋಗುವ ದಿಕ್ಕಿನಲ್ಲಿರುವ ಬೇರೊಬ್ಬರ ಮನೆಯಲ್ಲಿಟ್ಟು ಬರುವುದು. ಗಂಟು ಹೊರಟರೆ ಮನುಷ್ಯ ಹೊರಟ ಹಾಗೆ. ಆಮೇಲೆ ಅವನು ಯಾವ ದಿನ ಹೋಗಿ ಗಂಟು ಎತ್ತಿಕೊಂಡರೂ ದೋಷವಿಲ್ಲ. ಗಂಟು ಮಾತ್ರ ಮನೆಗೆ ವಾಪಸು ಬರಕೂಡದು. ಬಂದರೆ ಪ್ರಯಾಣ ಮುರಿದಂತೆ. ಅಜ್ಜಿ ನನ್ನನ್ನು ಮೊದಲ ಸಲ ಮೇಷ್ಟ್ರನ್ನು ನೋಡುವಂತೆ ನೋಡಿದರು.

ಮೆಚ್ಚುಗೆ ಸಿಕ್ಕಿದ ಮನುಷ್ಯ ಅಲ್ಲಿಗೇ ನಿಲ್ಲುವುದಿಲ್ಲ. ಅಕ್ಕಿ, ಅರಿಸಿನದ ಕೊಂಬು, ಒಂದು ರವಿಕೆ ಕಣ ಇಟ್ಟರೆ ಸಾಕೆಂದು ತಂಗಿ ಹೇಳಿದಳು. ನಾನು ಒಪ್ಪಲಿಲ್ಲ. ಯಾವುದಿಲ್ಲದೆ ಹುಡುಗಿ ಹೋಗಲಾರಳೋ ಅದು ಹೊರಟರೆ ತಾನೇ ಹುಡುಗಿ ಹೊರಟಂತೆ? ಪಾಸ್‌ಪೋರ್ಟು ಮತ್ತು ಟಿಕೆಟ್ಟನ್ನೇ ಚೀಲಕ್ಕೆ ಹಾಕಿಸಿದೆ. ಮುಂದಿನದು ದಿಕ್ಕು. ಎಲ್ಲರೂ ಬೆಂಗಳೂರಿನ ಕಡೆ ಕೈ ತೋರಿಸಿದರು. ಬೆಂಗಳೂರು ಬಸ್ಸು ನಿಲ್ಲುವ ಜಾಗ, ಹೋಗುವ ಊರಲ್ಲ ಎಂದು ನಾನು ವಿವರಿಸಿದೆ. ಹಾಲೆಂಡ್ ಇರುವುದು ವಾಯವ್ಯಕ್ಕೆ. ಕ್ಯಾತನಹಳ್ಳಿಯಿಂದ ಹಾಲೆಂಡಿಗೆ ಗೆರೆ ಎಳೆದರೆ ಆ ದಿಕ್ಕಿನಲ್ಲಿ ಸಿಗುವ ಮೊದಲ ನೆಂಟರ ಮನೆ ಕೆ.ಆರ್. ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಷಡ್ಡಕ ಪುಟ್ಟಸ್ವಾಮಿಯದು. "ಮಾವ, ವಿಮಾನ ಹತ್ತೋದು ಆ ಕಡೆ, ಚೀಲ ಈ ಕಡೆ ಆಗುತ್ತಲ್ಲ" ಎಂದು ಶೈಲಜ ಮೆಲ್ಲಗೆ ಕೇಳಿದಳು. ಮಂಗಳವಾರ ಬೆಳಗ್ಗೆ ಬೇಗ ಪೇಟೆಗೆ ಹೋಗಿ ಚೀಲ ಎತ್ತಿಕೊಂಡು ವಾಪಸು ಬಂದು ಮಂಡ್ಯದ ಮೇಲೆ ಬೆಂಗಳೂರು ಸೇರುವುದು ಎಂದು ನಾನು ದಾರಿಯನ್ನೂ ಹೇಳಿದೆ. ಭೂಗೋಳದ ಮುಂದೆ ಅವಳು ತಲೆಬಾಗಿದಳು. ಗುರುವಾರ ಬೆಳಗ್ಗೆ ಅಜ್ಜಿ ಚೀಲಕ್ಕೆ ಕುಂಕುಮವಿಟ್ಟು, ಆರತಿ ಎತ್ತಿ, ಕಣ್ಣೊರೆಸಿಕೊಂಡು, ಹುಷಾರು ಕಣವ್ವ ಎಂದು ಚೀಲಕ್ಕೆ ಹೇಳಿ ಕಳಿಸಿಕೊಟ್ಟರು. ಶೈಲಜ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ನಾನೇ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೋಗಿ ಪುಟ್ಟಸ್ವಾಮಿಯ ದೇವರ ಕೋಣೆ ಸೇರಿಸಿ ಬಂದೆ.

ಮಂಗಳವಾರ ಟೆಂಪೊ ಬಂದು ನಿಂತಿತು. ಹುಡುಗಿ ಗುರುವಾರವೇ ಹೊರಟಾಗಿದ್ದರಿಂದ ಆ ದಿನ ಯಾರೂ 'ಹೋಗಿ ಬಾ' ಅನ್ನುವಂತಿರಲಿಲ್ಲ. ದೊಡ್ಡ ಸೂಟ್‌ಕೇಸನ್ನು ಹಿತ್ತಲ ಬಾಗಿಲಿನಿಂದ ಮೇವಿನ ಹೊರೆ ಸಾಗಿಸಿದ ಹಾಗೆ ಸಾಗಿಸಿದೆವು. ಶೈಲಜ ಕೈ ಬೀಸಿಕೊಂಡು, ಪಕ್ಕದ ಮನೆಗೆ ಹೆಪ್ಪು ಕೇಳಲು ಹೋಗುವವಳಂತೆ ಬೀದಿಗೆ ಬಂದಳು. ಅಜ್ಜಿ ಜಗುಲಿಯ ಮೇಲೆ ಕುಳಿತು ಅವಳನ್ನು ನೋಡಿಯೂ ನೋಡದವರಂತೆ ಅವರೆಕಾಯಿ ಬಿಡಿಸುತ್ತಿದ್ದರು. ಸಿಪ್ಪೆ ಮೊರಕ್ಕೆ, ಕಾಳು ನೆಲಕ್ಕೆ ಬೀಳುತ್ತಿತ್ತು. ನಾವು ಇಪ್ಪತ್ತು ಜನ ಟೆಂಪೊ ತುಂಬಿಕೊಂಡೆವು.

ಪಾಂಡವಪುರ ಮುಟ್ಟಿದಾಗ ಅಲ್ಲಿ ಜನ ಗುಂಪುಗುಂಪಾಗಿ ನಿಂತಿದ್ದರು. ಕಬ್ಬಿನ ಬೆಲೆಗಾಗಿ ರೈತರು ಮಂಡ್ಯದ ಹತ್ತಿರ ರಸ್ತೆ ತಡೆದು ಕುಳಿತಿದ್ದಾರೆ, ಸಂಜೆಯ ತನಕ ಒಂದು ಸೈಕಲ್ಲೂ ದಾಟುವಂತಿಲ್ಲ ಎಂದರು. ಬೆಂಗಳೂರಿನ ದಾರಿ ಮುಚ್ಚಿದೆ, ಪಾಸ್‌ಪೋರ್ಟು ವಾಯವ್ಯದಲ್ಲಿದೆ. ಪೇಟೆಗೆ ಹೋಗಿ ಅಲ್ಲಿಂದ ಗುಂಡಿ ಬಿದ್ದ ರಸ್ತೆಯಲ್ಲಿ ನಾಗಮಂಗಲದ ಮೇಲೆ ಸುತ್ತಿಕೊಂಡು ಹೋಗುವಷ್ಟು ಹೊತ್ತಿಗೆ ವಿಮಾನ ಬೊಂಬಾಯಿಯಲ್ಲಿರುತ್ತದೆ. ಭಾವನ ಕಡೆ ತಿರುಗಿ, ನೀವೂ ಕಬ್ಬು ಬೆಳೆಯುವವರಲ್ಲವೇ, ಇದು ನಿಮಗೆ ಗೊತ್ತಿರಲಿಲ್ಲವೇ ಎಂದು ಕೇಳಿದೆ.

"ಗೊತ್ತಿಲ್ದೆ ಏನು ಮೇಷ್ಟ್ರೆ. ಭಾನುವಾರ ನಮ್ಮ ಜಗಲಿ ಮ್ಯಾಲೇ ಮಾತಾಗಿದ್ದು. ಮಂಗಳವಾರ ಮಡಿಕಳಾಣ ಅಂತ ಯೋಳಿದ್ದೇ ನಾನು. ಅವತ್ತು ಯಾರೂ ಒಳ್ಳೆ ಕೆಲ್ಸಕ್ಕೆ ಈಚೆಗೆ ಬರಕ್ಕಿಲ್ಲ, ಜನಕ್ಕೆ ತೊಂದ್ರೆ ಆಗಕ್ಕಿಲ್ಲ ಅಂತ."

"ನಿಮ್ಮ ಮಗಳು?"

"ಅವಳು ಗುರುವಾರವೇ ಒಂಟೋಗಿದ್ಲಲ್ಲಾ" ಎಂದರು ಭಾವ.

ನಾನು ಇಟ್ಟ ಪರಸ್ಥಾನ ಇಷ್ಟು ಪರಿಣಾಮಕಾರಿಯಾದೀತೆಂದು ನಾನೇ ತಿಳಿದಿರಲಿಲ್ಲ. ಚಕ್ಕುಲಿ ಡಬ್ಬಿಗೆ ಕೈ ಹಾಕಿದ್ದ ತಂಗಿ ಕೈಯನ್ನು ಡಬ್ಬಿಯಲ್ಲೇ ಬಿಟ್ಟಳು. ಆಗ ಹಿಂದಿನ ಸೀಟಿನಿಂದ ಶೈಲಜ, "ಮಾವ, ಚೀಲ ಪೇಟೇಲಿ ಇಲ್ಲ. ನಾಗಮಂಗಲದಲ್ಲಿದೆ" ಎಂದಳು.

ಭಾನುವಾರ ಜಗಲಿಯ ಮೇಲೆ ಮಾತಾಗುವಾಗ ಬಂದವರಿಗೆ ಮಜ್ಜಿಗೆ ಕೊಟ್ಟವಳು ಅವಳೇ. ಅಜ್ಜಿಯ ಕಿವಿಗೆ ಬಿದ್ದರೆ ಅಪಶಕುನವೆಂದು ಪ್ರಯಾಣವೇ ನಿಂತೀತೆಂದು ಯಾರಿಗೂ ಉಸಿರದೆ, ಸೋಮವಾರ ಪಿನ್ನು ತರುವ ನೆಪದಲ್ಲಿ ಪಾಂಡವಪುರಕ್ಕೆ ಬಂದು ಪುಟ್ಟಸ್ವಾಮಿಯ ಅಂಗಡಿಗೆ ಫೋನ್ ಮಾಡಿದ್ದಾಳೆ. ಚೀಲವನ್ನು ನಾಗಮಂಗಲದಲ್ಲಿರುವ ಅವನ ಮಗಳ ಮನೆಗೆ ಮುಟ್ಟಿಸುವಂತೆ ಒಪ್ಪಿಸಿದ್ದಾಳೆ. ಪಾಂಡವಪುರದಿಂದ ನಾಗಮಂಗಲಕ್ಕೆ ನೆಟ್ಟಗೆ ದಾರಿಯಿದೆ, ಅಲ್ಲಿಂದ ಬೆಳ್ಳೂರು ಕ್ರಾಸಿನ ಮೇಲೆ ಬೆಂಗಳೂರು. ಪರಸ್ಥಾನದ ಚೀಲವನ್ನು ಹೀಗೆ ಕದಲಿಸಬಹುದೇ ಎಂದು ನಾನು ಕ್ಷೀಣವಾಗಿ ಕೇಳಿದೆ. "ಹಿಂದಕ್ಕೆ ಬರಬಾರದು ಅಂದ್ರಿ ಮಾವ. ಮುಂದಕ್ಕೆ ಹೋಗಬಾರದು ಅಂತ ಯಾರೂ ಅನ್ನಲಿಲ್ಲವಲ್ಲ" ಎಂದಳು. ನಾನು ನೆಟ್ಟಗೆ ಕುಳಿತು, ಡ್ರೈವರನ ಬೆನ್ನು ತಟ್ಟಿ, ಮೊದಲಿನಿಂದಲೂ ಅದೇ ನನ್ನ ಯೋಜನೆಯಾಗಿತ್ತೆಂಬ ದನಿಯಲ್ಲಿ, "ನಾಗಮಂಗಲದ ಕಡೆ ತಿರುಗಿಸಪ್ಪ" ಎಂದೆ.

ನಾಗಮಂಗಲದಲ್ಲಿ ಪುಟ್ಟಸ್ವಾಮಿ ಮಗಳ ಮನೆಯ ಜಗುಲಿಯ ಮೇಲೆ ಚೀಲದ ಪಕ್ಕದಲ್ಲಿ ಕಾವಲು ಕುಳಿತಿದ್ದ. ಕುಂಕುಮ ಅಳಿಸಿರಲಿಲ್ಲ. ಹಿಂದಿನ ದಿನ ಬಸ್ಸಿನಲ್ಲಿ ಬಹಳ ರಶ್ಶಿತ್ತಂತೆ. ಒಂದೇ ಸೀಟು ಸಿಕ್ಕಿತಂತೆ. ಅದರ ಮೇಲೆ ಚೀಲವನ್ನು ಕೂರಿಸಿ ತಾನು ನಾಗಮಂಗಲದ ತನಕ ನಿಂತು ಬಂದನಂತೆ. ಕಂಡಕ್ಟರು ಜಗಳಕ್ಕೆ ಬಂದನಂತೆ. "ಹೆಣ್ಮಗಳ ನಿಲ್ಸಿ ನಾನು ಕುಂತ್ಕಂಡು ಬರಾದಾ?" ಎಂದು ನನ್ನನ್ನೇ ಕೇಳಿದ. ನಾನು ಗುರುವಾರ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದನ್ನು ಅವನಿಗೆ ಹೇಳಲಿಲ್ಲ.

ವಿಮಾನ ನಿಲ್ದಾಣವನ್ನು ಹೊತ್ತಿಗೆ ಮುಂಚೆಯೇ ಸೇರಿದೆವು. ಬಾಗಿಲಲ್ಲಿದ್ದ ಪೊಲೀಸಿನವನು ಒಬ್ಬರನ್ನೇ ಒಳಗೆ ಬಿಡುವುದೆಂದು ಹೇಳಿ ಟಿಕೆಟ್ ಕೇಳಿದ. ಜೀವಮಾನದಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಮಾತಾಡದ ಭಾವ ಮುಂದೆ ಬಂದು, ಟವೆಲ್ಲನ್ನು ಹೆಗಲಿನಿಂದ ತೆಗೆದು ಮತ್ತೆ ಹೆಗಲಿಗೇ ಹಾಕಿಕೊಂಡು, "ನನ್ನ ಮಗಳು. ಹಾಲೆಂಡ್‌ಗೆ ಓಯ್ತಾವ್ಳೆ. ಹಸಾ ನೋಡಕ್ಕೆ" ಎಂದರು. ಪೊಲೀಸಿನವನಿಗೆ ಬೇಕಾದದ್ದು ಟಿಕೆಟ್ಟು. ಅವಳು ಕುಂಕುಮದ ಚೀಲದಿಂದ ಅದನ್ನು ತೆಗೆದು ತೋರಿಸಿ ಒಳಗೆ ಹೋದಳು. ಗಾಜಿನ ಆಚೆ ಯಾವ ಕಡೆ ಹೋಗಬೇಕೆಂದು ಯಾರನ್ನೂ ಕೇಳಲಿಲ್ಲ. ಒಂದು ಸಲ ತಿರುಗಿ ನಮ್ಮ ಕಡೆ ಚೀಲವನ್ನು ಎತ್ತಿ ತೋರಿಸಿದಳು, ಅಷ್ಟೆ. ನಾವು ಇಪ್ಪತ್ತು ಜನ ಗಾಜಿಗೆ ಹಣೆ ಹಚ್ಚಿಕೊಂಡು ನಿಂತಿದ್ದೆವು. ನನ್ನ ದಿಬ್ಬಣಗಳಲ್ಲಿ ಇಷ್ಟು ಶಿಸ್ತಾಗಿ ಹೊರಟವರನ್ನು ನಾನು ಕಂಡಿರಲಿಲ್ಲ. ಅದು ಒಬ್ಬಳೇ ಹೊರಟ ದಿಬ್ಬಣ.

ಊರಿನಲ್ಲಿ ಆಮೇಲೆ ಹಬ್ಬಿದ ಕಥೆಯೇ ಬೇರೆ. ರಸ್ತೆ ತಡೆಯಾಗುವುದನ್ನು ಮೇಷ್ಟ್ರು ಮೊದಲೇ ಕಂಡು ಚೀಲವನ್ನು ಬೇರೆ ದಿಕ್ಕಿಗೆ ಸಾಗಿಸಿಟ್ಟಿದ್ದರು ಎಂದು ಜನ ಆಡಿಕೊಂಡರು. ದೊಡ್ಡವರು ಇಂಥದ್ದನ್ನು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ನಾನೂ ಹಾಗೆಯೇ ಮಾಡಿದೆ. ಪಾಲಹಳ್ಳಿಯವರು ತಮ್ಮ ಮಗಳನ್ನು ಮಸ್ಕತ್ತಿಗೆ ಕಳಿಸುವಾಗ ನನ್ನ ಮನೆಗೇ ಬಂದು ದಿಕ್ಕು ಕೇಳಿದರು. ಗೋಳ ತಿರುಗಿಸಿ ನೋಡಿ, ಅದೂ ವಾಯವ್ಯಕ್ಕೇ ಬರುತ್ತದೆ, ಪೇಟೆಯಲ್ಲಿ ನನ್ನ ಷಡ್ಡಕನಿದ್ದಾನೆ ಎಂದು ಹೇಳಿ ಕಳಿಸಿದೆ.

ಶೈಲಜ ಮೂರು ತಿಂಗಳು ಆ ಹಸುವಿನ ಮನೆಯಲ್ಲಿದ್ದು ಕೆಲಸ ಕಲಿತಳು. ಬರುವ ದಿನವನ್ನು ಯಾರಿಗೂ ತಿಳಿಸದೆ ಬೆಂಗಳೂರಿನಲ್ಲಿ ಇಳಿದು, ಕೆಂಪು ಬಸ್ಸು ಹತ್ತಿ, ಮಂಡ್ಯದ ಮೇಲೆ ಮನೆಗೆ ಬಂದಳು. ಅದು ಮಂಗಳವಾರವಾಗಿತ್ತು.