ಅರಮನೆ ಬಾಗಿಲಲ್ಲಿ ಸೋರಿಕೆ ಪರೀಕ್ಷೆ

"ಎಂಟು ದಿನದ ತರಬೇತಿ, ಎಂಟು ದಿನದ ಪ್ರವಾಸ. ಎರಡೂ ಅದೇ ಎಂಟು ದಿನದಲ್ಲಿ! ಸ್ವಾಮಿಕಾರ್ಯ, ಸ್ವಕಾರ್ಯ ಅನ್ನೋದು ಇದಕ್ಕೇರೀ!"

ಹೀಗೆಂದು ಇಂಜಿನಿಯರಮ್ಮ ಊಟದ ಮೇಜನ್ನು ತಟ್ಟಿದ ರಭಸಕ್ಕೆ ಉಪ್ಪಿನ ಡಬ್ಬಿ ಕುಪ್ಪಳಿಸಿ ಸಮ್ಮತಿ ಸೂಚಿಸಿತು. ಎದುರು ಕೂತಿದ್ದ ಗಂಡ ಸೂಚಿಸಲಿಲ್ಲ.

ಇಂಜಿನಿಯರಮ್ಮ ನೀರು ಸರಬರಾಜು ಕಚೇರಿಯವರು. ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಪತ್ತೆ ಹಚ್ಚುವುದು ಅವರ ಕೆಲಸ. ಆ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿ ಬಿದ್ದಿತ್ತು. ವಿದೇಶದ ತರಬೇತಿ ಮುಗಿಸಿ, ಬೀದಿಗಿಳಿದು ಪರೀಕ್ಷೆ ಕೊಟ್ಟು ಸರ್ಟಿಫಿಕೇಟು ತಂದರೆ ಕುರ್ಚಿ ಅವರದು. ತಾರದಿದ್ದರೆ, ಅವರೇ ಕೈಹಿಡಿದು ಕೆಲಸ ಕಲಿಸಿದ ಕಿರಿಯ ಇಂಜಿನಿಯರನದು. ಶಿಷ್ಯ ಗುರುವನ್ನು ಮೀರಿಸಬೇಕೆಂದು ಹೇಳುವವರೆಲ್ಲ ಶಿಷ್ಯನಿಗೆ ನಮಸ್ಕಾರ ಹೇಳಬೇಕಾಗಿ ಬಂದವರಲ್ಲ.

"ಕುರ್ಚಿ ಬೇಕಾದ್ರೆ ಪೈಪು ನೋಡು, ಊರು ನೋಡ್ಬೇಕಾದ್ರೆ ರಜೆ ಹಾಕು. ಎರಡು ದೋಣಿ ಮೇಲೆ ಕಾಲಿಡಬೇಡ ಕಣೇ," ಎಂದರು ಗಂಡ. ಅವರು ಶಾಲೆಯ ಡ್ರಾಯಿಂಗ್ ಮೇಷ್ಟ್ರು.

"ಯೋಜನೆ ಅಂದ್ರೇನು ಅಂತ ನಿಮಗೇನು ಗೊತ್ತು? ನೀವು ಆನೆ ಬರೆಯೋಕೆ ಶುರುಮಾಡಿದ್ರೆ ಸೊಂಡಿಲು ಬರೋ ಹೊತ್ತಿಗೆ ಹಾಳೆ ಮುಗಿದಿರುತ್ತೆ!"

ಯೋಜನೆಯೋ ಮಹಾಯೋಜನೆ. ಕಾಲು ಗಂಟೆಗೊಂದು ಚೌಕದಂತೆ ನಾಲ್ಕು ಬಣ್ಣದ ಪಟ್ಟಿ. ಬೆಳಿಗ್ಗೆ ಪೈಪು, ಮಧ್ಯಾಹ್ನ ವಸ್ತುಸಂಗ್ರಹಾಲಯ, ಸಂಜೆ ಹೊಳೆದಂಡೆ.

ಪರದೇಶಕ್ಕೆ ಬಂದಿಳಿದರೆ, ಅಲ್ಲಿನ ಬೋಧಕರು ಆಜಾನುಬಾಹು, ಮಿತಭಾಷಿ. ಬಣ್ಣದ ಪಟ್ಟಿಯ ಮೇಲೆ ಅವರಿಗೆ ಕಿಂಚಿತ್ತೂ ಗೌರವವಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬೀದಿಗಿಳಿಸಿದರೆ ಸಂಜೆ ಆರಕ್ಕೆ ಬಿಡುವುದು. ಉದ್ದನೆಯ ಕಬ್ಬಿಣದ ಕೋಲಿನ ಒಂದು ತುದಿ ಪೈಪಿನ ವಾಲ್ವಿನ ಮೇಲೆ, ಇನ್ನೊಂದು ತುದಿ ಕಿವಿಗೆ. ನೀರು ಸೋರುತ್ತಿದ್ದರೆ ಕೋಲಿನೊಳಗೆ 'ಸುಯ್' ಎನ್ನುತ್ತದೆ. ಬೋಧಕರದು ಒಂದೇ ಮಂತ್ರ: "ಮೂರು ಕಡೆ ಕೇಳಿ, ಆಮೇಲೆ ಗುರುತು ಹಾಕಿ."

ಏಳು ದಿನ ಇಂಜಿನಿಯರಮ್ಮ ಕಂಡ ಪರದೇಶ ಇಷ್ಟು: ರಸ್ತೆಯ ಮೇಲಿನ ಕಬ್ಬಿಣದ ಮುಚ್ಚಳಗಳು. ದುಂಡನೆಯವು, ಚೌಕದವು. ಜೊತೆಗೆ ಬಂದಿದ್ದ ಗಂಡನೋ ಊರೆಲ್ಲ ಸುತ್ತಿ ಸಂಜೆ ವರದಿ ಒಪ್ಪಿಸುತ್ತಿದ್ದರು.

"ಇವತ್ತು ಗೋಪುರ ಹತ್ತಿದೆ ಕಣೇ. ಮೇಲಿಂದ ನೀನೂ ಕಾಣಿಸ್ದೆ. ರಸ್ತೆ ಮಧ್ಯೆ ಬಗ್ಗಿ ನಿಂತಿದ್ದೆ. ಹಿಂದಿನ ಭಾಗ ನೋಡಿ ಗುರುತು ಹಿಡಿದೆ."

"ಬಾಯಿ ಮುಚ್ಚಿ!"

ಎಂಟನೆಯ ದಿನ ಪರೀಕ್ಷೆ. ಬೋಧಕರು ಒಂದೊಂದು ಬೀದಿಯಲ್ಲೂ ಒಂದೊಂದು ಗುಟ್ಟಾದ ಸೋರಿಕೆ ಮಾಡಿಟ್ಟಿದ್ದರು. ಅದನ್ನು ಹುಡುಕಿ ಸೀಮೆಸುಣ್ಣದಲ್ಲಿ ಗುರುತು ಹಾಕಿದರೆ ಕೂಲಿಯವರು ಅಗೆಯುತ್ತಾರೆ. ಗುರುತಿನಿಂದ ಒಂದು ಮೊಳದೊಳಗೆ ಸೋರಿಕೆ ಸಿಕ್ಕರೆ ಪಾಸು. ಬೀದಿಯ ಆಯ್ಕೆ ಅಭ್ಯರ್ಥಿಗಳದೇ.

ಇಂಜಿನಿಯರಮ್ಮ ಅರಮನೆ ಬೀದಿಯನ್ನೇ ಆರಿಸಿಕೊಂಡರು! ಆ ಅರಮನೆ ಮಧ್ಯಾಹ್ನ ಹನ್ನೆರಡಕ್ಕೆ ಮುಚ್ಚುತ್ತದೆ. ಪರೀಕ್ಷೆ ಶುರುವಾದದ್ದು ಹನ್ನೊಂದಕ್ಕೆ.

"ಬೇಗ ಬಾರೇ, ಒಳಗೆ ನಲವತ್ತು ಕೋಣೆ ಇದೆಯಂತೆ," ಗಂಡ ಟಿಕೆಟು ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಇಂಜಿನಿಯರಮ್ಮ ಅರಮನೆಯ ಹೆಬ್ಬಾಗಿಲ ಮುಂದಿನ ವಾಲ್ವಿಗೆ ಕೋಲು ಊರಿ ಕಿವಿ ಇಟ್ಟರು. ಅಬ್ಬಬ್ಬಾ! ಬರಿಯ ಸುಯ್ ಅಲ್ಲ, ಭೋರ್ಗರೆತ! ಇಷ್ಟು ದೊಡ್ಡ ಸೋರಿಕೆ ಸಿಕ್ಕಮೇಲೆ ಇನ್ನೆರಡು ಕಡೆ ಕೇಳುವುದೆಂದರೆ ಹೊಟ್ಟೆ ತುಂಬಿದವನಿಗೆ ಎಲೆ ಹಾಕಿದಂತೆ. ಕಲ್ಲುಹಾಸಿನ ಮೇಲೆ ದೊಡ್ಡದೊಂದು ಕತ್ತರಿ ಗುರುತು ಎಳೆದು, "ಇಲ್ಲೇ ಅಗೀರಿ!" ಎಂದು ಅಪ್ಪಣೆ ಕೊಡಿಸಿ, ಸ್ವಕಾರ್ಯಕ್ಕೆ ಒಳಗೆ ನಡೆದೇ ಬಿಟ್ಟರು.

ಮೊದಲ ಅಂಗಳದಲ್ಲೇ ಕಾರಂಜಿ. ಎರಡಾಳೆತ್ತರ ಚಿಮ್ಮುತ್ತಿತ್ತು. ಗೈಡು ಪ್ರವಾಸಿಗರಿಗೆ ಹೆಮ್ಮೆಯಿಂದ ವಿವರಿಸುತ್ತಿದ್ದ: "ಇದಕ್ಕೆ ಮೋಟಾರಿಲ್ಲ, ಪಂಪಿಲ್ಲ. ಹೆಬ್ಬಾಗಿಲ ಕೆಳಗೆ ಬರೋ ದೊಡ್ಡ ಪೈಪಿನ ನೀರು ತನ್ನ ಒತ್ತಡದಿಂದಲೇ ಚಿಮ್ಮುತ್ತೆ. ಹಗಲೆಲ್ಲ ಭೋರ್ ಅಂತ ಸದ್ದು ಮಾಡ್ತಾನೇ ಇರುತ್ತೆ."

ಇಂಜಿನಿಯರಮ್ಮನ ಮುಖ ಸುಣ್ಣ ಬಳಿದಂತಾಯಿತು.

"ಏನಾಯ್ತೇ?"

"ಅದು ಸೋರಿಕೆ ಅಲ್ಲರೀ! ಕಾರಂಜಿ! ಓಡಿ, ಅವರನ್ನ ನಿಲ್ಸಿ!"

"ನಾನ್ಯಾಕೆ ಓಡ್ಲಿ? ಅಗೀರಿ ಅಂದೋಳು ನೀನು!"

ಇಬ್ಬರೂ ಓಡಿದರು. ಹೆಬ್ಬಾಗಿಲು ದಾಟುವ ಹೊತ್ತಿಗೆ ಠಣ್ ಎಂದು ಪಿಕಾಸಿಯ ಪೆಟ್ಟು ಬಿತ್ತು. ಆಮೇಲೆ ಎದ್ದ ನೀರು ಒಳಗಿನ ಕಾರಂಜಿಯನ್ನು ನಾಚಿಸುವಂಥದ್ದು! ಕಾವಲುಗಾರನ ಟೋಪಿ ಹಾರಿತು. ಒಳಗಿನ ಕಾರಂಜಿ ಕುಗ್ಗಿ, ಕೆಮ್ಮಿ, ನಿಂತೇ ಹೋಯಿತು. ಗೈಡು ಕ್ಷಣಮಾತ್ರ ಯೋಚಿಸಿ ಪ್ರವಾಸಿಗರನ್ನೆಲ್ಲ ಹೊರಗೆ ಕರೆತಂದು ಕೈ ತೋರಿಸಿದ. ನೂರು ಕ್ಯಾಮರಾ ಕ್ಲಿಕ್ ಎಂದವು. ನಡುವೆ ತೊಪ್ಪೆಯಾಗಿ, ಕೋಲು ಹಿಡಿದು ನಿಂತವರು ಇಂಜಿನಿಯರಮ್ಮ.

ಬೋಧಕರು ಬಂದರು. ಮೇನು ವಾಲ್ವು ಮುಚ್ಚಿಸಿ, ಗುಂಡಿಗಿಳಿದು ಟೇಪು ಹಿಡಿದು ಅಳೆದರು.

"ಗುರುತಿನಿಂದ ಸೋರಿಕೆಗೆ ಎರಡು ಬೆರಳು. ನಿಯಮದ ಪ್ರಕಾರ ಪಾಸು."

"ಬಾಯಿ ಬಿಡಬೇಡ," ಗಂಡ ಹಿಂದಿನಿಂದ ಪಿಸುಗುಟ್ಟಿದರು. "ಕುರ್ಚಿ ಬಂತು."

ಇಂಜಿನಿಯರಮ್ಮ ಜಂಬದವರು ನಿಜ. ಆದರೆ ಸುಳ್ಳು ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ಸಾರ್, ಇದು ನಾನು ಹುಡುಕಿದ ಸೋರಿಕೆ ಅಲ್ಲ. ನಾನು ಮಾಡಿಸಿದ್ದು. ಒಂದೇ ಕಡೆ ಕೇಳಿದೆ."

"ಗೊತ್ತು," ಎಂದರು ಬೋಧಕರು. "ನಾನು ಮಾಡಿಟ್ಟ ಸೋರಿಕೆ ಅಗೋ, ಆ ತುದಿಯ ಚಪ್ಪಲಿ ಅಂಗಡಿ ಮುಂದಿದೆ. ಆದರೆ ನಿಮ್ಮನ್ನ ಫೇಲು ಮಾಡಿದರೆ ಕಾರಣ ಬರೀಬೇಕು. ಕಾರಣ ಬರೆದರೆ ಅರಮನೆ ಪೈಪು ಒಡೆದದ್ದು ನಮ್ಮ ಪಿಕಾಸಿ ಅಂತ ಬರೀಬೇಕು. ತಗೊಳ್ಳಿ." ಸರ್ಟಿಫಿಕೇಟಿಗೆ ಸಹಿ ಹಾಕಿ, ಕೆಳಗೆ ಸ್ವಂತ ಅಕ್ಷರದಲ್ಲಿ ಒಂದು ಸಾಲು ಸೇರಿಸಿದರು: 'ಈ ದೇಶವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಮಾನ್ಯ.'

ಊರಿಗೆ ಬಂದ ಮರುದಿನ ಮೇಲಧಿಕಾರಿಗಳು ಆ ಸರ್ಟಿಫಿಕೇಟನ್ನು ಎರಡು ಸಲ ಓದಿದರು. ಪಕ್ಕದಲ್ಲಿ ಕಿರಿಯ ಇಂಜಿನಿಯರ್ ಕೈಕಟ್ಟಿ ನಿಂತಿದ್ದ.

"ಪ್ರಪಂಚವೆಲ್ಲ ಮಾನ್ಯ! ಭೇಷ್! ಅದೊಂದು ದೇಶಕ್ಕೆ ಮಾತ್ರ ನೀವು ಯಾಕೆ ಬೇಡವಾದ್ರಮ್ಮ?"

ಇಂಜಿನಿಯರಮ್ಮ ತಲೆ ತಗ್ಗಿಸಿ, "ಅಲ್ಲಿ ಅರಮನೆ ಇದೆ ಸಾರ್," ಎಂದರು.

ಮೇಲಧಿಕಾರಿಗಳು ಮೇಜಿನ ಖಾನೆಯಿಂದ ಒಂದು ಫೋಟೋ ತೆಗೆದರು. ನೀರಿನ ಕಂಬ, ಟೋಪಿಯಿಲ್ಲದ ಕಾವಲುಗಾರ, ಕೋಲು ಹಿಡಿದ ಹೆಂಗಸು.

"ನಮ್ಮನೆಯವಳ ತಂಗಿ ಅಲ್ಲಿಗೆ ಪ್ರವಾಸ ಹೋಗಿದ್ದಳು, ಕಳಿಸಿದ್ದಾಳೆ. ಕುರ್ಚಿ ನಿಮ್ಮದೇ, ಕೂತ್ಕೊಳ್ಳಿ." ಫೋಟೋ ಒಳಗಿಟ್ಟು ಬೀಗ ಹಾಕಿದರು. "ಸೀಮೆಸುಣ್ಣ ಮಾತ್ರ ಈ ಹುಡುಗನ ಹತ್ತಿರ ಇರ್ಲಿ."