ಕೋಟಿನ ಬೆನ್ನು ಹತ್ತಿ

ಚಳಿ ಕಾಲಿಟ್ಟಿತ್ತು. ದರ್ಜಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದ ಕಾಲ. ಬೆಳಗಿನ ಎಂಟಕ್ಕೇ ಹೊಲಿಗೆ ಯಂತ್ರ ಗಡಗಡ ಅನ್ನುತ್ತಿತ್ತು. ಅರ್ಧ ಹೊಲಿದ ಕೋಟುಗಳು ತೋಳಿಲ್ಲದೆ ಗೂಟದಲ್ಲಿ ತೂಗುತ್ತಿದ್ದವು. ಹುಲ್ಲುಗಾವಲು ಕಚೇರಿಯ ಗುಮಾಸ್ತರ ಪ್ಯಾಂಟಿನ ಬಟ್ಟೆ ಮಾತ್ರ ನಾಲ್ಕು ವಾರದಿಂದ ಮಡಿಕೆ ಬಿಚ್ಚದೆ ಮೂಲೆಯಲ್ಲಿ ಬಿದ್ದಿತ್ತು. ಅವರು ಬಂದಾಗಲೆಲ್ಲ ದರ್ಜಿ "ನಾಳೆ ಬನ್ನಿ" ಅನ್ನುತ್ತಿದ್ದ.

ಅಂಥ ಹೊತ್ತಿನಲ್ಲಿ ಹಳ್ಳಿಯಿಂದ ಬಾಮೈದ ಬಂದಿಳಿದ. ಕುರಿ ಸಾಕುವವನು. ಮಂದೆ ಮೇಯಿಸುವ ಪರವಾನಗಿಯ ಅರ್ಜಿಗೆ ಅದೇ ಕಚೇರಿಯಲ್ಲಿ, ಐದಕ್ಕೆ ಬಾಗಿಲು ಹಾಕುವುದರೊಳಗೆ, ಮುದ್ರೆ ಬೀಳಬೇಕಿತ್ತು. ಕುರಿಗಳನ್ನು ಪಕ್ಕದ ಮನೆಯವರ ಸುಪರ್ದಿಗೆ ಬಿಟ್ಟು ಬಂದಿದ್ದರಿಂದ ಅಂದೇ ರೈಲು ಹತ್ತಿ ಊರು ಸೇರಬೇಕಿತ್ತು.

"ದಾರಿ ಹೇಳಿ ಭಾವ, ನಾನೇ ಹೋಗಿ ಬರ್ತೀನಿ," ಎಂದ.

ದರ್ಜಿ ಸಿಕ್ಕಿಬಿದ್ದದ್ದು ಇಲ್ಲೇ. ರಾಜಧಾನಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು ನಿಜ. ಆದರೆ ಕೆಳಗೆ ಅಂಗಡಿ, ಮೇಲೆ ಮನೆ, ಎದುರಿಗೆ ದಿನಸಿ; ಅವನ ರಾಜಧಾನಿ ಅಷ್ಟೇ. ಬಾವಿಯ ಕಪ್ಪೆಗಾದರೂ ಸುತ್ತು ಹಾಕಲು ಜಾಗವಿರುತ್ತದೆ. ಹೆಂಡತಿಯ ತೌರಿಗೆ ಹೋದಾಗ ಮಾತ್ರ ಜಗಲಿಯ ಮೇಲೆ ಕೂತು, ರಾಜಧಾನಿಯೆಂದರೆ ತನಗೆ ಅಂಗೈ ಮೇಲಿನ ನೆಲ್ಲಿಕಾಯಿ ಎಂದು ಕೊಚ್ಚಿಕೊಂಡು ಬರುತ್ತಿದ್ದ. ಆ ನೆಲ್ಲಿಕಾಯಿ ಈಗ ಗಂಟಲಲ್ಲಿ ಸಿಕ್ಕಿಕೊಂಡಿತು. ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಒಬ್ಬನೇ ಯಾಕೆ ಹೋಗ್ತೀಯ? ನಾನಿಲ್ವೇ?" ಎಂದು ದರ್ಜಿ, ಅಳತೆಯ ಟೇಪನ್ನು ಕೊರಳಲ್ಲೇ ಮರೆತು ಹೊರಟ.

ದೊಡ್ಡ ಬೀದಿ ಸೇರಿದ್ದೇ ತಡ, ದಾರಿ ನಾಲ್ಕಾಗಿ ಒಡೆಯಿತು. ಅಲ್ಲಿ ನಿಂತಿದ್ದ ಪೊಲೀಸನನ್ನು ಕೇಳೋಣವೆಂದ ಬಾಮೈದ. ಊರಿನವನೇ ಊರಿನ ದಾರಿ ಕೇಳಿದರೆ ಮರ್ಯಾದೆ ಉಳಿಯುತ್ತದೆಯೇ ಎಂದು ದರ್ಜಿ ಗದರಿದ.

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ. ಜನರ ನಡುವೆ ಬೂದಿ ಬಣ್ಣದ ಕೋಟೊಂದು ಹೋಗುತ್ತಿತ್ತು. ಅದರ ಎಡಭುಜಕ್ಕೆ ಹತ್ತಿ ತುಂಬಿ ಎತ್ತರ ಸರಿಮಾಡಿದ್ದು ದರ್ಜಿಯೇ. ಗುಮಾಸ್ತರ ಕೋಟು! ಗಿರಾಕಿಯ ಮುಖ ಮರೆತರೂ ತನ್ನ ಹೊಲಿಗೆ ಮರೆಯುವವನಲ್ಲ ಅವನು. ಈ ಹೊತ್ತಿನಲ್ಲಿ ಆ ಕೋಟು ಕಚೇರಿಗಲ್ಲದೆ ಇನ್ನೆಲ್ಲಿಗೆ ಹೋದೀತು? ಕೂಗಿ ಕರೆಯೋಣವೆಂದರೆ ಪ್ಯಾಂಟಿನ ಮಾತು ಬರುತ್ತದೆ. ಹತ್ತು ಮಾರು ಹಿಂದೆ ಉಳಿದು ಹಿಂಬಾಲಿಸಿದ.

ಕೋಟು ಬಸ್ಸು ಹತ್ತಿತು, ಇವರೂ ಹತ್ತಿದರು. ಇಳಿಯಿತು, ಇವರೂ ಇಳಿದರು. ಎರಡನೆಯ ಬಸ್ಸಿನ ಬಾಗಿಲಲ್ಲಿ ದರ್ಜಿಯ ಒಂದು ಚಪ್ಪಲಿ ಕಳಚಿ ರಾಜಧಾನಿಯ ಪಾಲಾಯಿತು. ಕೋಟು ಮೀನಿನ ಮಾರುಕಟ್ಟೆ ಹೊಕ್ಕಿತು, ಸೇತುವೆ ದಾಟಿತು, ಅದೇ ಸೇತುವೆಯನ್ನು ಮತ್ತೆ ದಾಟಿತು. ಬಂದ ದಾರಿಯೇ ಅಲ್ಲವೇ ಇದು ಎಂದು ಬಾಮೈದ ಅನುಮಾನಪಟ್ಟಾಗ, ಈ ಸೇತುವೆಯನ್ನು ಎರಡೂ ಕಡೆಯಿಂದ ನೋಡಿದರೇ ಚಂದ ಎಂದು ದರ್ಜಿ ವಿವರಿಸಿದ. ಮೂರರ ಹೊತ್ತಿಗೆ ಅವನ ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಬೊಬ್ಬೆ.

ನಾಲ್ಕಕ್ಕೆ ಒಂದು ಓಣಿಯ ಕೊನೆಯಲ್ಲಿ ಗೋಡೆ ಅಡ್ಡ ಬಂದು ಕೋಟು ಹಿಂದಕ್ಕೆ ತಿರುಗಿತು. ಅದರೊಳಗೆ ಗುಮಾಸ್ತರಿರಲಿಲ್ಲ. ಬಿಳಿ ಮೀಸೆಯ ಮುದುಕನೊಬ್ಬ ಊಟದ ಡಬ್ಬಿ ಹಿಡಿದು ನಿಂತಿದ್ದ. ಗುಮಾಸ್ತರ ಮಾವನಂತೆ. ಮೊನ್ನೆ ತಾನೇ ಹಳ್ಳಿಯಿಂದ ಬಂದವನು, ಚಳಿಯೆಂದು ಅಳಿಯನ ಕೋಟು ತೊಟ್ಟು, ಅಳಿಯನಿಗೇ ಡಬ್ಬಿ ಕೊಡಲು ಕಚೇರಿ ಹುಡುಕುತ್ತಿದ್ದನಂತೆ.

"ದಾರಿ ತಪ್ಪಿದೆ ಅಂತ ಬೆಳಗಿನಿಂದ ಅನುಮಾನ ಇತ್ತು ನೋಡಿ," ಎಂದ ಮುದುಕ. "ಆದರೆ ನೀವಿಬ್ಬರೂ ಹಿಂದೇನೇ ಬರ್ತಿದ್ರಲ್ಲ. ನಿಮ್ಮ ಕೊರಳಲ್ಲಿ ಟೇಪು ಬೇರೆ. ಊರಿನವರೇ ಬರ್ತಿದಾರೆ ಅಂದ್ಮೇಲೆ ದಾರಿ ಸರಿಯಾಗೇ ಇರಬೇಕು ಅಂತ ಧೈರ್ಯ ಮಾಡಿ ನಡೆದೆ."

ಬಾಮೈದ ಇಬ್ಬರ ಮುಖವನ್ನೂ ನೋಡಿದ.

"ನಮ್ಮ ಮಂದೇಲೂ ಹೀಗೇ ಭಾವ. ಮುಂದಿನದಕ್ಕೆ ದಾರಿ ಗೊತ್ತು ಅಂತ ಹಿಂದಿನ ಕುರಿ. ಹಿಂದಿನದು ಬರ್ತಾ ಇದೆಯಲ್ಲ ಅಂತ ಮುಂದಿನ ಕುರಿ."

ಅಲ್ಲಿಂದ ಅವನೇ ಮುಂದಾದ. ಮುರಿದ ನಲ್ಲಿ, ಹಸಿರು ಬಾಗಿಲು, ಬೇಲಿಯ ಪಕ್ಕದ ಬೋಳುಮರ ಎಂದು ಕಾಡಿನ ದಾರಿಯಂತೆ ಗುರುತಿಟ್ಟುಕೊಂಡು ಬಂದಿದ್ದ. ಇಬ್ಬರನ್ನೂ ಕುರಿಗಳಂತೆ ಹೊಡೆದುಕೊಂಡು ಐದೂವರೆಗೆ ಅಂಗಡಿಗೆ ತಂದು ಬಿಟ್ಟ.

ಅಂಗಡಿಯ ಸ್ಟೂಲಿನ ಮೇಲೆ ಗುಮಾಸ್ತರು ಹಸಿದ ಮುಖ ಹೊತ್ತು ಕೂತಿದ್ದರು. ಮಾವನ ಕೈಯಿಂದ ಡಬ್ಬಿ ತೆಗೆದುಕೊಂಡು ತಣ್ಣಗಿನ ಊಟವನ್ನು ಅಲ್ಲೇ ಮುಗಿಸಿದರು. ದರ್ಜಿ ಅರ್ಜಿ ಮುಂದೆ ಹಿಡಿದು, ಕಚೇರಿ ಹುಡುಕಿ ಸವೆದ ಕಾಲು ತೋರಿಸಿದ.

"ಹುಡುಕೋದೇನು? ನಿಮ್ಮ ಹಿಂದಿನ ಬೀದಿಗೇ ಕಚೇರಿ ಬಂದು ಆರು ತಿಂಗಳಾಯ್ತು," ಎಂದರು ಗುಮಾಸ್ತರು. "ಅಳತೆ ಕೊಡುವಾಗ ಹೇಳಿದ್ದೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹ್ಞೂಂ ಅಂದ್ರಿ. ಇರಲಿ, ನನ್ನ ಪ್ಯಾಂಟು?"

ದರ್ಜಿಯ ಬಾಯಿಂದ ಅಭ್ಯಾಸಬಲದ ಮಾತು ಜಾರಿತು. "ನಾಳೆ ಬನ್ನಿ."

"ನೀವೂ ನಾಳೆ ಬನ್ನಿ," ಎಂದು ಗುಮಾಸ್ತರು ಅರ್ಜಿಯನ್ನು ಮಡಚಿ ವಾಪಸು ಕೊಟ್ಟು, ಮಾವನನ್ನು ಕರೆದುಕೊಂಡು ಹೊರಟರು.

ದರ್ಜಿ ಮೂಲೆಯ ಬಟ್ಟೆಯ ಧೂಳು ಕೊಡವಿ ಕತ್ತರಿ ಹುಡುಕತೊಡಗಿದ. ಮೆಟ್ಟಿಲ ಮೇಲಿಂದ ಹೆಂಡತಿ ತಮ್ಮನಿಗೆ ಹೇಳುವುದು ಕೇಳಿಸಿತು:

"ನಾಳೆ ಹಿಂದಿನ ಬೀದಿಗೆ ಹೋಗುವಾಗ ನಿಮ್ಮ ಭಾವನ ಕೈ ಬಿಡಬೇಡ ಕಣೋ. ಪಾಪ, ಅವರಿಗೆ ಊರು ಹೊಸದು."